ಅಂಕಿತವಿಲ್ಲದ ಹೂಜಿ

ಹಳೆಯ ವಸ್ತುವೊಂದಕ್ಕೆ ಎರಡು ಬಗೆಯ ಬೆಲೆಯುಂಟು. ಅದು ಎಷ್ಟು ಹಳೆಯದೆಂಬುದರಿಂದ ಬರುವ ಬೆಲೆ ಒಂದು. ಯಾರ ಕೈಯಿಂದ ಯಾರ ಕೈಗೆ ಬಂತೆಂಬುದರಿಂದ ಬರುವ ಬೆಲೆ ಇನ್ನೊಂದು. ಮೊದಲನೆಯದನ್ನು ಬಲ್ಲವರು ನೋಡಿ ಅಂದಾಜು ಮಾಡಬಹುದು. ಎರಡನೆಯದು ಅಂದಾಜಿಗೆ ಒಗ್ಗುವುದಿಲ್ಲ. ಗೊತ್ತಿದ್ದರೆ ಹೇಳಬೇಕು, ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕು. ಗೊತ್ತಿದ್ದೂ ಬೇರೆಯದನ್ನು ಹೇಳಿದರೆ ಅದಕ್ಕೆ ಸುಳ್ಳು ಎಂದೇ ಹೆಸರು.

ಈ ಮಾತನ್ನು ಈಗ ಹೇಳಲು ಕಾರಣವಿದೆ. ನಮ್ಮ ಬಂಧುವರ್ಗದ ಒಂದು ಮನೆಯಲ್ಲಿ ಪಿಂಗಾಣಿಯ ಹೂಜಿಯೊಂದಿದೆ. ಬಿಳಿಯ ಮೈ, ನೀಲಿ ಹೂಬಳ್ಳಿ, ಒಂದು ಹಿಡಿಕೆ, ಕೊಕ್ಕಿನಂಥ ಮೂತಿ. ಅದನ್ನು ಹೈದರಾಬಾದಿನಲ್ಲಿ ಮಾರುವ ಮಾತುಕತೆ ನಡೆದಿದೆ. ಕೊಳ್ಳುವವರು ಹೂಜಿಯ ಪೂರ್ವೋತ್ತರ ಕೇಳಿದ್ದಾರೆ. ಆಗ ಒಂದು ಕಾಗದ ಸಿದ್ಧವಾಯಿತು: ಈ ಹೂಜಿ ನಿಜಾಮ ಸರ್ಕಾರದಿಂದ ನಮ್ಮ ಪೂರ್ವಜರಿಗೆ ಇನಾಮಾಗಿ ಬಂದದ್ದು, ಐದು ತಲೆಮಾರುಗಳಿಂದ ನಮ್ಮ ಮನೆತನದಲ್ಲೇ ಇದೆ ಎಂದು. ಮನೆತನದ ಹಿರಿಯನೆಂದು ನನ್ನ ಸಹಿ ಬೇಕಂತೆ. “ನೀವು ಮಾಸ್ತರರು, ನಿಮ್ಮ ಸಹಿಯಿದ್ದರೆ ನಂಬುತ್ತಾರೆ” ಎಂದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳ ಅಂಕಪಟ್ಟಿಗೆ ಹಾಕಿದ ಸಹಿ ಅದು. ಅದನ್ನು ಈ ಕಾಗದಕ್ಕೆ ಹಾಕಲಾರೆನೆಂದು ಹೇಳಿದ್ದೇನೆ. ಏಕೆಂಬುದನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ನೆಲದ ರೀತಿಯನ್ನು ಸ್ವಲ್ಪ ನೆನೆಯೋಣ. ರಾಯಚೂರು ಕೋಟೆಯ ಗೋಡೆಯಲ್ಲಿರುವ ಆ ಉದ್ದನೆಯ ಕಲ್ಲನ್ನು ನನ್ನ ವಿದ್ಯಾರ್ಥಿಗಳಲ್ಲಿ ನೋಡದವರು ಕಡಿಮೆ. ಸುಮಾರು 41 ಅಡಿಯ ಒಂದೇ ಬಂಡೆ. ಅದರ ಮೇಲಿನ 1294ರ ಶಾಸನವು ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದವರ ಹೆಸರನ್ನು ಹೇಳುತ್ತದೆ. ಜೊತೆಗೆ ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಕಲ್ಲು ತಾನು ಬಂದ ದಾರಿಯನ್ನು ತಾನೇ ಹೇಳಿಕೊಳ್ಳುತ್ತದೆ. ಯಾವ ಹಿರಿಯನ ಸಹಿಯೂ ಅದಕ್ಕೆ ಬೇಕಿಲ್ಲ.

ಮಸ್ಕಿಯ ಬಂಡೆಯ ಸಂಗತಿಯೂ ಇಂಥದ್ದೇ. ದೇಶದ ನಾನಾ ಕಡೆ ಸಿಕ್ಕ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು, ‘ಪ್ರಿಯದರ್ಶಿ’ ಎಂದಿತ್ತು. ಆ ಅರಸ ಅಶೋಕನೇ ಎಂಬ ವಿದ್ವಾಂಸರ ಊಹೆಗೆ ಗಟ್ಟಿ ಆಧಾರ ಒದಗಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ನಮ್ಮ ಜಿಲ್ಲೆಯ ಮಸ್ಕಿಯ ಬಂಡೆ ಬಿದ್ದಾಗ. ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು. ಒಂದು ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ನೋಡಿ.

ಇನ್ನು ಮಾನ್ವಿ, ದೇವದುರ್ಗಗಳ ದಾಸರನ್ನು ನೆನೆಯಿರಿ. ಮಾನ್ವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಇವರ ಹಾಡುಗಳನ್ನು ಓದುಬರಹ ಬಾರದ ಹೆಣ್ಣುಮಕ್ಕಳು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಆದರೂ ಯಾವ ಹಾಡು ಯಾರದೆಂಬ ಗೊಂದಲ ಬಹುಮಟ್ಟಿಗೆ ಆಗಲಿಲ್ಲ. ವಿಜಯವಿಠ್ಠಲ, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ ಎಂಬ ಅಂಕಿತಗಳು ಹಾಡಿನ ಕೊನೆಗೆ ಕಾವಲು ನಿಂತಿದ್ದವು. ಅಂಕಿತವನ್ನು ಬದಲಿಸಿ ಹಾಡುವುದನ್ನು ನಮ್ಮ ಅಜ್ಜಿಯರು ಪಾಪವೆಂದೇ ತಿಳಿದಿದ್ದರು. ಆ ಅಜ್ಜಿಯರ ಮೊಮ್ಮಕ್ಕಳಾದ ನಾವು ಹೂಜಿಯೊಂದರ ಅಂಕಿತವನ್ನು ಬದಲಿಸಲು ಹೊರಟಿದ್ದೇವೆ.

ಪಿಂಗಾಣಿಗೆ ಅಂಕಿತವಿಲ್ಲ, ತೊಂದರೆ ಅಲ್ಲೇ ಇದೆ. ನಮ್ಮ ಮನೆಗಳ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಆಮೇಲೆ ಬಂದ ಸ್ಟೀಲಿನ ಡಬ್ಬಿ, ಎಲ್ಲವುಗಳ ಮೇಲೂ ಹೆಸರು ಕೊರೆಸುತ್ತಿದ್ದರು. ಕೊಟ್ಟವರಾರು, ಯಾರ ಮದುವೆಗೆ, ಯಾವ ತಾರೀಖು ಎಂಬುದನ್ನು ಚುಕ್ಕಿ ಚುಕ್ಕಿಯಾಗಿ ಬರೆಯುವವರು ಪಾತ್ರೆ ಅಂಗಡಿಯ ಮುಂದೆಯೇ ಕೂತಿರುತ್ತಿದ್ದರು. ಪಿಂಗಾಣಿಗೆ ಉಳಿ ತಾಗಿಸಿದರೆ ಒಡೆಯುತ್ತದೆ. ಆದ್ದರಿಂದ ಅದು ಮನೆಯಿಂದ ಮನೆಗೆ ಹೆಸರಿಲ್ಲದೆ ಹೋಗುತ್ತದೆ. ಪಾಲುಪತ್ರಗಳಲ್ಲೂ ಅದರ ಉಲ್ಲೇಖವಿರದು. ಹೊಲ, ಮನೆ, ಎತ್ತು, ಬೆಳ್ಳಿ ಬರೆಯುತ್ತಿದ್ದರು. ಹಿತ್ತಾಳೆಯನ್ನು ತೂಕ ಹಾಕಿ ಬರೆಯುತ್ತಿದ್ದರು. ಕರಗಿಸಿದರೆ ಹಣ ಬರುವ ವಸ್ತುವಿಗೆ ಮಾತ್ರ ಪಾಲುಪತ್ರದಲ್ಲಿ ಜಾಗ. ಕರಗದ ಪಿಂಗಾಣಿ ಗಂಡಸರ ಲೆಕ್ಕದಿಂದ ಹೊರಗುಳಿದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸದ್ದಿಲ್ಲದೆ ಹೋಯಿತು. ಅದರ ಒಡೆತನದ ಚರಿತ್ರೆ ಹೆಂಗಸರ ನೆನಪಿನಲ್ಲಿತ್ತು. ಅವರು ಹೋದಂತೆ ಅದೂ ಹೋಯಿತು.

ಇದರಲ್ಲೊಂದು ವಿಚಿತ್ರವಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತದಲ್ಲೆಲ್ಲ ಅಲೆದು ಕೂಡಿಸಿದ ಕಲ್ಲಿನ ಆಯುಧಗಳೂ ಮಡಕೆಚೂರುಗಳೂ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿವೆ. 1914 ಮತ್ತು 1916ರಲ್ಲಿ ಅಚ್ಚಾದ ಅವರ ಪಟ್ಟಿಯಲ್ಲಿ ಪ್ರತಿ ಚೂರಿಗೂ ಸಿಕ್ಕ ಊರಿನ ಹೆಸರನ್ನು ಜೋಡಿಸಲಾಗಿದೆ. ಹಿಂದೆ ಮಾನ್ವಿ ತಾಲೂಕಿಗೆ ಸೇರಿದ್ದ ಕಲ್ಲೂರಿನಲ್ಲಿ ಸಿಕ್ಕ ತಾಮ್ರದ ಕತ್ತಿಗಳನ್ನು ಪುರಾತತ್ತ್ವಜ್ಞರು ಇಂದಿಗೂ ಕಲ್ಲೂರಿನ ಹೆಸರಿನಿಂದಲೇ ಗುರುತಿಸುತ್ತಾರೆ. ಸಾವಿರಾರು ವರ್ಷ ಹಿಂದಿನ ಮಡಕೆಚೂರಿಗೆ ವಿಳಾಸವಿದೆ, ಐವತ್ತು ವರ್ಷಗಳ ಹಿಂದೆ ಕೈ ಬದಲಾದ ಹೂಜಿಗೆ ವಿಳಾಸವಿಲ್ಲ. ಬರೆದಿಡುವವನೊಬ್ಬ ಇದ್ದನೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸ.

ಈಗ ಕಾಗದದ ಮಾತುಗಳನ್ನು ಒಂದೊಂದಾಗಿ ನೋಡೋಣ.

‘ನಿಜಾಮರ ಇನಾಮು’ ಎಂಬುದು ಮೊದಲನೆಯದು. ನಮ್ಮ ಕಡೆ ಯಾವ ವಸ್ತು ಸ್ವಲ್ಪ ಹಳೆಯದಾಗಿ ಕಂಡರೂ ನಿಜಾಮನ ಕಾಲದ್ದು ಎನ್ನುವ ರೂಢಿಯಿದೆ. ರಾಯಚೂರು ಸೀಮೆ 1853ರಿಂದ 1860ರವರೆಗೆ ಇಂಗ್ಲಿಷರ ವಶದಲ್ಲಿದ್ದ ಅವಧಿಯನ್ನು ಬಿಟ್ಟರೆ 1948ರ ತನಕ ನಿಜಾಮರದ್ದೇ ಆಗಿತ್ತು. ಹಾಗಾಗಿ ‘ನಿಜಾಮನ ಕಾಲ’ ಎಂಬ ಮಾತು ನಮ್ಮ ಹಿರಿಯರ ಚಪ್ಪಲಿಗೂ ಸಲ್ಲುತ್ತದೆ! ಆದರೆ ‘ಇನಾಮು’ ಎಂಬುದು ಹಗುರವಾದ ಮಾತಲ್ಲ. ಆ ಸರ್ಕಾರ ಕೊಟ್ಟ ಭೂಮಿ ಅಥವಾ ನಗದು ಇನಾಮುಗಳ ವಿಚಾರಣೆ ನಡೆದು, ಹಕ್ಕುದಾರರಿಗೆ ‘ಮುಂತಖಬ್’ ಎಂಬ ಉರ್ದು ಪತ್ರ ಸಿಗುತ್ತಿತ್ತು. ನಮ್ಮ ಮನೆತನದ ಕಾಗದದ ಗಂಟುಗಳನ್ನೆಲ್ಲ ನಾನೇ ಬಿಚ್ಚಿ ನೋಡಿದವನು. ಅಲ್ಲಿ ಮುಂತಖಬ್ ಇಲ್ಲ. ಅರಮನೆಯಿಂದ ಉಡುಗೊರೆ ಬಂದುದಕ್ಕೆ ಒಂದು ಚೀಟಿಯೂ ಇಲ್ಲ.

‘ಐದು ತಲೆಮಾರು’ ಎಂಬುದು ಎರಡನೆಯದು. ಇದಕ್ಕೆ ಹೂಜಿಯ ತಳವೇ ಉತ್ತರ ಕೊಡುತ್ತದೆ. ಅಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದು ಒತ್ತಲಾಗಿದೆ. 1890ರಲ್ಲಿ ಅಮೆರಿಕವು ಸುಂಕದ ಕಾಯ್ದೆಯೊಂದನ್ನು ತಂದು, ತನ್ನಲ್ಲಿಗೆ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿತು. 1891ರಿಂದ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳು ದೇಶದ ಹೆಸರನ್ನು ಒತ್ತುವುದು ಸಾಮಾನ್ಯವಾಯಿತು. ‘ಮೇಡ್ ಇನ್’ ಎಂಬ ಪೂರ್ಣ ಒಕ್ಕಣೆ ಬಹುತೇಕ 20ನೆಯ ಶತಮಾನದ್ದು. ಮನೆಯಲ್ಲಿ ಹಳೆಯ ಪಿಂಗಾಣಿ ಇದ್ದವರು ತಿಳಿದಿರಲಿ: ತಳದಲ್ಲಿ ವಜ್ರಾಕಾರದ ನೋಂದಣಿ ಗುರುತಿದ್ದರೆ ಆ ವಿನ್ಯಾಸ 1842 ಮತ್ತು 1883ರ ನಡುವೆ ಇಂಗ್ಲೆಂಡಿನಲ್ಲಿ ನೋಂದಣಿಯಾದದ್ದು. ಚೀನೀ ಅರಸರ ಮುದ್ರೆಯಿದ್ದರೆ ಹಿಗ್ಗಬೇಡಿ. ಹಿಂದಿನ ಅರಸರ ಮುದ್ರೆಗಳನ್ನು ಮುಂದಿನವರು ಧಾರಾಳವಾಗಿ ಬರೆದಿದ್ದಾರೆ. ನಮ್ಮ ಹೂಜಿ ಅರಮನೆಯದಲ್ಲ, ಕಾರ್ಖಾನೆಯದು.

ಇಂಗ್ಲೆಂಡಿನ ಹೂಜಿ ಈ ಎರೆಭೂಮಿಗೆ ಬಂದದ್ದು ಹೇಗೆ? ಅದರಲ್ಲಿ ಆಶ್ಚರ್ಯವೇನಿಲ್ಲ. ಮುಂಬಯಿ ಕಡೆಯಿಂದ ಬಂದ ರೈಲುದಾರಿಯೂ ಮದರಾಸು ಕಡೆಯಿಂದ ಬಂದ ರೈಲುದಾರಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಎರಡು ಬಂದರುಗಳ ಸರಕು ನಮ್ಮ ಊರಿನಲ್ಲಿ ಇಳಿಯುತ್ತಿತ್ತು. ಮಾನ್ವಿ, ದೇವದುರ್ಗಗಳ ಬಂಡಿಗಳು ಹತ್ತಿ ಹೇರಿಕೊಂಡು ಬಂದು, ತಿರುಗಿ ಹೋಗುವಾಗ ಬಟ್ಟೆ, ಉಪ್ಪು, ಗಾಜು, ಪಿಂಗಾಣಿ ಒಯ್ಯುತ್ತಿದ್ದವು.

ಅಂಥ ಒಂದು ಬಂಡಿಯಲ್ಲೇ ಈ ಹೂಜಿ ಹೋದದ್ದು. ಅದನ್ನು ನನಗೆ ಹೇಳಿದವಳು ಅದರ ಒಡತಿ.

1972ರಲ್ಲಿ ನಾನು ದೇವದುರ್ಗ ತಾಲೂಕಿನಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಆ ವರ್ಷದ ಬರವನ್ನು ಕಂಡವರು ಮರೆಯಲಾರರು. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರುಗಳ ಕಡೆ ಹರಿದಿತ್ತು. ದೇವದುರ್ಗದ ಬಯಲಿಗೆ ನಾರಾಯಣಪುರದ ಬಲದಂಡೆ ಕಾಲುವೆ ಬರಲು ಇನ್ನೂ ಬಹಳ ವರ್ಷಗಳಿದ್ದವು. ಕೃಷ್ಣೆ ಮಗ್ಗುಲಲ್ಲೇ ಹರಿದರೂ ಹೊಲಕ್ಕೆ ಹನಿ ನೀರಿರಲಿಲ್ಲ. ಜನ ಮನೆಯಲ್ಲಿದ್ದ ಪಾತ್ರೆ ಪರಡಿಗಳನ್ನು ಒತ್ತೆಯಿಟ್ಟು ಜೋಳ ತಂದರು. ಒತ್ತೆ ಹಿಡಿದು ಜೋಳ ಕೊಟ್ಟ ಮನೆಗಳಲ್ಲಿ ಮೇಲೆ ಹೇಳಿದ ನಮ್ಮ ಬಂಧುಗಳ ಮನೆಯೂ ಒಂದು.

ಮಗನನ್ನು ಶಾಲೆಗೆ ಸೇರಿಸಲು ಬಂದ ಹೆಣ್ಣುಮಗಳೊಬ್ಬಳು ಜಗುಲಿಯ ಮೇಲೆ ಕೂತು ಈ ಹೂಜಿಯ ಮಾತು ತೆಗೆದಳು. ಅವಳ ತವರು ಮಾನ್ವಿ ತಾಲೂಕು. ತಾಯಿಯ ತಂದೆ ಹತ್ತಿ ಬಂಡಿ ಹೊಡೆಯುವವನು. ರಾಯಚೂರಿನಲ್ಲಿ ಬಾಡಿಗೆಯ ಹಣದಿಂದ ಕೊಂಡು ಮಗಳಿಗೆ ಕೊಟ್ಟನಂತೆ. ಆ ಮಗಳು ತನ್ನ ಮಗಳ ಮದುವೆಯಲ್ಲಿ ಕೊಟ್ಟು ದೇವದುರ್ಗಕ್ಕೆ ಕಳಿಸಿದಳು. ಬೀಗರು ಬಂದಾಗ ಮಜ್ಜಿಗೆ ಕೊಡಲು ಮಾತ್ರ ಅದನ್ನು ಇಳಿಸುತ್ತಿದ್ದರು. ಬರದಲ್ಲಿ ಅದು ಒತ್ತೆಗೆ ಹೋಯಿತು. ಎರಡು ವರ್ಷಗಳ ನಂತರ ಅವಳು ಜೋಳ ಹೊತ್ತುಕೊಂಡು ಬಿಡಿಸಿಕೊಳ್ಳಲು ಹೋದಾಗ, ಬಡ್ಡಿ ಸೇರಿ ಲೆಕ್ಕ ಬೆಳೆದಿದೆಯೆಂದು ಹೇಳಿ ಕಳಿಸಿದರು. ಮತ್ತೊಮ್ಮೆ ಹೋದಳು, ಆಗಲೂ ಅದೇ ಉತ್ತರ.

ಇದು ಅವಳ ಮಾತು ಮಾತ್ರವಲ್ಲ. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಖಾತೆ ಪುಸ್ತಕಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. 1972ರ ಪುಟದಲ್ಲಿ ಚೀನಿ ಹೂಜಿ ಒಂದು, ಜೋಳ 12 ಸೇರು ಎಂದು ಸ್ಪಷ್ಟವಾಗಿ ಬರೆದಿದೆ. ಎದುರಿಗೆ ಅವಳ ಗಂಡನ ಹೆಸರು. ವಸ್ತು ಅವಳದು, ಹೊತ್ತು ತಂದವಳು ಅವಳು; ಪುಸ್ತಕದಲ್ಲಿ ಅವಳಿಲ್ಲ. ಆ ದಿನವೇ ನಾನು ಹೂಜಿಯನ್ನು ಹಿಂದಿರುಗಿಸಬೇಕೆಂದು ಹೇಳಿದ್ದೆ. ಇಂದೂ ಅದನ್ನೇ ಹೇಳುತ್ತಿದ್ದೇನೆ.

ಒತ್ತೆಯೆಂದರೆ ಮಾರಾಟವಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒತ್ತೆ ಹಿಡಿದವನಿಗೆ ಸಾಲ ತೀರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕುಂಟು, ಒಡೆತನವಿಲ್ಲ. ಸಾಲ ತೀರದಿದ್ದರೆ ಒತ್ತೆಯಿಟ್ಟವರಿಗೆ ತಿಳಿವಳಿಕೆ ಕೊಟ್ಟು ಮಾರಬೇಕೆಂದು 176ನೆಯ ಕಲಂ ಹೇಳುತ್ತದೆ. ಮಾರುವ ಕ್ಷಣದವರೆಗೂ ಬಿಡಿಸಿಕೊಳ್ಳಬಹುದೆಂದು 177ನೆಯ ಕಲಂ ಹೇಳುತ್ತದೆ. ಇನ್ನು ದೇವರಾಜ ಅರಸರ ಕಾಲದ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂರಹಿತ ಕೃಷಿ ಕಾರ್ಮಿಕರ, ದುರ್ಬಲ ವರ್ಗದವರ ಅಂಥ ಸಾಲಗಳನ್ನೇ ತೊಡೆದುಹಾಕಿ, ಒತ್ತೆಯಿಟ್ಟ ವಸ್ತುವನ್ನು ಸಾಲಗಾರನಿಗೆ ಮರಳಿಸಬೇಕೆಂದು ವಿಧಿಸಿತು. ಆ ಹೆಣ್ಣುಮಗಳ ಮನೆಗೆ ಆಗ ಒಂದು ಗುಂಟೆ ಹೊಲವೂ ಇರಲಿಲ್ಲ. ನಮ್ಮವರು ಹೂಜಿಯನ್ನು ಕಪಾಟಿನಲ್ಲಿ ಇನ್ನೂ ಒಳಕ್ಕೆ ಸರಿಸಿದರು.

ಹೆಣ್ಣಿನ ವಸ್ತು ಹೆಣ್ಣಿನದೇ ಎಂಬುದೂ ಹೊಸ ಮಾತಲ್ಲ. ನಮ್ಮ ಈ ಸೀಮೆಯ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಸ್ತ್ರೀಧನದ ಅರ್ಥವನ್ನು ಬಹಳ ವಿಶಾಲವಾಗಿ ಹಿಡಿದವನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಂ ಕೂಡ ಮದುವೆಯ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಹೆಣ್ಣಿಗೆ ಬಂದ ಕೊಡುಗೆ ಅವಳ ಪೂರ್ಣ ಸ್ವತ್ತೆಂದು ಹೇಳುತ್ತದೆ. ನಮ್ಮ ಖಾತೆ ಪುಸ್ತಕಕ್ಕೆ ಮಾತ್ರ ಇದು ತಿಳಿಯಲಿಲ್ಲ.

ನನ್ನ ಮಾತಿಗೆ ಆಕ್ಷೇಪಗಳು ಬಂದಿವೆ. ಅವನ್ನು ಮುಚ್ಚಿಡುವುದಿಲ್ಲ.

“ಆ ಜೋಳ ಇಲ್ಲದಿದ್ದರೆ ಅವರು ಉಪವಾಸ ಸಾಯುತ್ತಿದ್ದರು” ಎನ್ನುತ್ತಾರೆ. ಆ ಜೋಳ ಅವಳ ಮಕ್ಕಳ ಹೊಟ್ಟೆ ತುಂಬಿಸಿದ್ದು ನಿಜ. ಅದನ್ನೂ ಬರೆಯೋಣ. ಆದರೆ ಅವಳು ಜೋಳವನ್ನು ಹಿಂದಿರುಗಿಸಲು ಎರಡು ಸಲ ಬಂದದ್ದೂ ನಿಜ. ಉಪಕಾರದ ಹೆಸರಿನಲ್ಲಿ ಒಡೆತನವನ್ನು ಪಡೆದರೆ ಅದು ವ್ಯಾಪಾರವಾಗುತ್ತದೆ, ಅದೂ ತಕ್ಕಡಿ ತಪ್ಪಿದ ವ್ಯಾಪಾರ.

“ಐವತ್ತು ವರ್ಷ ಒಡೆಯದಂತೆ ಕಾಪಾಡಿದವರು ನಾವು” ಎನ್ನುತ್ತಾರೆ. ಕಾಪಾಡಿದವರಿಗೆ ಕೃತಜ್ಞತೆ ಸಲ್ಲಬೇಕು. ಪಕ್ಕದ ಮನೆಯವರ ಹಸುವನ್ನು ಬಹಳ ಕಾಲ ಕಟ್ಟಿಕೊಂಡಿದ್ದರೆ ಹಸು ನಮ್ಮದಾಗುವುದಿಲ್ಲ.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ನಾನೇ ಹೇಳುತ್ತೇನೆ. ಅದೇ ಪುಟದಲ್ಲಿ ಬೇರೆಯವರ ಕಡಗ, ಬಿಂದಿಗೆ, ಗಂಗಾಳಗಳೂ ಇವೆ. ಒಂದಕ್ಕೆ ಒಪ್ಪಿದರೆ ಎಲ್ಲದಕ್ಕೂ ಒಪ್ಪಬೇಕಾಗುತ್ತದೆ ಎಂಬ ಅಂಜಿಕೆ ಅದು. ಬೆಳ್ಳಿಯೂ ಹಿತ್ತಾಳೆಯೂ ಎಂದೋ ಕರಗಿ ಬೇರೆ ರೂಪ ತಾಳಿವೆ. ಅವುಗಳ ಸಾಕ್ಷ್ಯ ಮುಗಿಯಿತು. ಪಿಂಗಾಣಿ ಕರಗುವುದಿಲ್ಲ. ಯಾವ ಕಾರಣದಿಂದ ಅದು ಪಾಲುಪತ್ರಕ್ಕೆ ಬೇಡವಾಯಿತೋ ಅದೇ ಕಾರಣದಿಂದ ಅದೊಂದೇ ಸಾಕ್ಷಿಯಾಗಿ ಉಳಿದಿದೆ.

ಪ್ರಾಚೀನ ವಸ್ತುಗಳ ವ್ಯವಹಾರದಲ್ಲಿ ಇಂಥ ಕಾಗದಗಳು ಎಷ್ಟು ದೂರ ಹೋಗುತ್ತವೆಂದು ತಿಳಿಯಬೇಕಾದರೆ ತಮಿಳುನಾಡಿನ ಶ್ರೀಪುರಂದಾನ್ ನಟರಾಜನ ಕಥೆ ನೋಡಿ. ದೇವಾಲಯದಿಂದ ಕದ್ದ ಆ ಕಂಚಿನ ಮೂರ್ತಿಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ಸುಮಾರು 50 ಲಕ್ಷ ಡಾಲರಿಗೆ ಕೊಂಡಿತು. ಮೂರ್ತಿ ಬಹಳ ಹಿಂದೆಯೇ ಭಾರತ ಬಿಟ್ಟಿತ್ತೆಂದು ತೋರಿಸುವ ಸುಳ್ಳು ಒಡೆತನದ ಕಾಗದಗಳು ಅದರ ಜೊತೆಗಿದ್ದವು. ಸುಳ್ಳು ಬಯಲಾಗಿ 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ನಮ್ಮ ಹೂಜಿಗೆ ಅಂಥ ಬೆಲೆಯಿಲ್ಲ ಎನ್ನುವಿರಾ? ಬೆಲೆ ಚಿಕ್ಕದಾದರೆ ಸುಳ್ಳು ಚಿಕ್ಕದಾಗುವುದಿಲ್ಲ. ಮೇಲಾಗಿ 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾಕುಶಲ ವಸ್ತು ಪ್ರಾಚೀನ ವಸ್ತುವೆನಿಸುತ್ತದೆ. ಅಂಥದ್ದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಹೂಜಿಯನ್ನು ಬೆಲೆಗಾಗಿ ಇನ್ನಷ್ಟು ಹಳೆಯದೆಂದು ಬರೆದುಕೊಡುವವರು ಇದನ್ನೂ ಯೋಚಿಸಲಿ.

ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಹಳೆಯ ಜಾಡಿಯೋ ಹೂಜಿಯೋ ಬಟ್ಟಲೋ ಇದ್ದರೆ ಇಂದೇ ಒಂದು ಚೀಟಿ ಬರೆದು ಅದರೊಳಗೆ ಹಾಕಿಡಿ. ಯಾರಿಂದ ಬಂತು, ಯಾವ ಊರಿನಿಂದ, ಕೊಡುಗೆಯೋ ಖರೀದಿಯೋ ಒತ್ತೆಯೋ ಬರೆಯಿರಿ. ತಾಯಿಯ ಹೆಸರನ್ನು, ಅಜ್ಜಿಯ ಹೆಸರನ್ನು ಬರೆಯಿರಿ. ‘ಇಂಥವರ ಹೆಂಡತಿ’ ಎಂದಷ್ಟೇ ಬರೆದು ಮುಗಿಸಬೇಡಿ. ಒತ್ತೆಯೆಂದು ತಿಳಿದರೆ, ಇಟ್ಟವರ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿ.

ಆ ಹೆಣ್ಣುಮಗಳು ಈಗಿಲ್ಲ. ಜಗುಲಿಯ ಮೇಲೆ ಅವಳ ಮಗ್ಗುಲಲ್ಲಿ ನಿಂತಿದ್ದ ಹುಡುಗ ಮುಂದೆ ನನ್ನ ತರಗತಿಯಲ್ಲಿ ಓದಿದ; ಈ ಬರಹಗಳನ್ನು ತಪ್ಪದೆ ಓದುವವರಲ್ಲಿ ಅವನೂ ಒಬ್ಬ. ಹೂಜಿಯ ವಿಷಯವನ್ನು ಅವನು ಎಂದೂ ಎತ್ತಿದವನಲ್ಲ. ಕೇಳಲಿಲ್ಲವೆಂದ ಮಾತ್ರಕ್ಕೆ ಬಿಟ್ಟುಕೊಟ್ಟಂತಾಗುವುದಿಲ್ಲ.

ನಮ್ಮ ಬಂಧುಗಳಿಗೆ ನನ್ನ ಸಹಿ ಬೇಕಿದ್ದರೆ ಕೊಡಲು ಸಿದ್ಧನಿದ್ದೇನೆ. ಕಾಗದದ ಒಕ್ಕಣೆ ಹೀಗಿರಲಿ: ಇಂಗ್ಲೆಂಡಿನಲ್ಲಿ ತಯಾರಾದ ಈ ಹೂಜಿಯನ್ನು ಮಾನ್ವಿ ತಾಲೂಕಿನ ಬಂಡಿಕಾರನೊಬ್ಬ ರಾಯಚೂರಿನಲ್ಲಿ ಕೊಂಡು ಮಗಳಿಗೆ ಕೊಟ್ಟನು. ಅವಳು ತನ್ನ ಮಗಳಿಗೆ ಕೊಟ್ಟಳು. ಆ ಮಗಳು 1972ರ ಬರದಲ್ಲಿ 12 ಸೇರು ಜೋಳಕ್ಕೆ ಒತ್ತೆಯಿಟ್ಟಳು. ಅಂದಿನಿಂದ ನಮ್ಮ ವಶದಲ್ಲಿದೆ. ಒಡೆತನ ಅವಳ ಮಕ್ಕಳದು. ಆ ಮೂವರ ಹೆಸರು, ಊರುಗಳ ಹೆಸರು ನನ್ನಲ್ಲಿವೆ, ಕಾಗದದಲ್ಲಿ ತುಂಬಿಸುತ್ತೇನೆ. ಹೂಜಿಯನ್ನೂ ಕಾಗದವನ್ನೂ ಒಟ್ಟಿಗೆ ದೇವದುರ್ಗಕ್ಕೆ ಒಯ್ದು ಒಪ್ಪಿಸೋಣ. ಆಮೇಲೆ ಅದನ್ನು ಮಾರುವುದೋ, ಬೀಗರಿಗೆ ಮಜ್ಜಿಗೆ ಕೊಡುವುದೋ ಅವರಿಗೆ ಬಿಟ್ಟದ್ದು.